ತಿರುವಿ ಹಾಕಿದ ಜೋಗುಳ

ಆ ಸಿನೆಮಾದ ದನಿ ಮಾಬೂಬಿ ಖಾಲಾ ಅವರದು. ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ, ಎಲ್ಲಿಂದಲೋ ಇಳಿಸಿಕೊಂಡದ್ದೂ ಅಲ್ಲ. ಎರಡೂವರೆ ವರ್ಷದ ಹಿಂದೆ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು, ಓಣಿಯ ನಾಲ್ಕು ಜನರ ಎದುರು, ಅದು ಅವರ ದನಿ ಅಲ್ಲವೆಂದು ನಾನು ಹೇಳಿದೆ. ಹೇಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ.

ಇಷ್ಟು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಪ್ರತಿ ಸಲವೂ ಪೆನ್ನು ಹಿಡಿದರೆ ಮೊದಲು ನನ್ನ ಕಷ್ಟವೇ ಮುಂದೆ ಬಂದು ನಿಲ್ಲುತ್ತಿತ್ತು. ಹೆಂಡತಿ ಬಸುರಿ ಇದ್ದಳು, ಗೆಳೆಯರ ಮರ್ಯಾದೆ ಇತ್ತು, ಅಷ್ಟು ದೊಡ್ಡದಾಗುತ್ತದೆಂದು ತಿಳಿದಿರಲಿಲ್ಲ... ಅವೆಲ್ಲ ಆ ಹರಿದ ಹಾಳೆಗಳಲ್ಲೇ ಇರಲಿ.

ನನ್ನ ಹೆಸರು ಮಲ್ಲಿಕಾರ್ಜುನ. ನಮ್ಮೂರು ಶಲವಡಿಯಲ್ಲಿ ಯಾರಾದರೂ ಹಾಗೆ ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಅಲ್ಲಿ ನಾನು ಮಲ್ಲ್ಯಾ. ಅಣ್ಣಿಗೇರಿಯಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟಿದ್ದೇನೆ. ಲಗ್ನ, ಬಸುರಿಯರ ಕುಬಸ, ತೊಟ್ಟಿಲ ಕಾರ್ಯಗಳ ವಿಡಿಯೋ ತೆಗೆದು, ಬೇಡಾದ್ದನ್ನು ಕತ್ತರಿಸಿ, ಹಾಡು ಕೂಡಿಸಿ ಕೊಡುವುದು ನನ್ನ ಕೆಲಸ. ಊಟದ ಪಂಕ್ತಿಯಲ್ಲಿ ಜಗಳವಾಡಿದ ಬೀಗರು ನನ್ನ ವಿಡಿಯೋದಲ್ಲಿ ನಗುನಗುತ್ತ ಕೈ ಮುಗಿದಿರುತ್ತಾರೆ. ಕತ್ತರಿ ಕೈಯಲ್ಲಿದ್ದವನಿಗೆ ಸುಳ್ಳು ಹೇಳುವುದು ಕಷ್ಟವಲ್ಲ ಎನ್ನುವುದನ್ನು ನಾನು ಹೊಟ್ಟೆಪಾಡಿಗಾಗಿಯೇ ಕಲಿತಿದ್ದೆ.

ಮಾಬೂಬಿ ಖಾಲಾ ನಮ್ಮ ಎದುರು ಮನೆಯವರು, ಇಡೀ ಓಣಿಗೆ ಚಿಕ್ಕಮ್ಮ. ಅವರ ಗಂಡ ಇಮಾಮಸಾಬ ಕಾಕಾ ಇದ್ದಾಗ, ಚೊಚ್ಚಲ ಬಸುರಿ ಹೆಂಡತಿಗೆಂದು ಕಲಘಟಗಿಯಿಂದ ಒಂದು ತೊಟ್ಟಿಲು ತಂದಿದ್ದರು. ಬಸ್ಸಿನ ಮೇಲೆ ಕಟ್ಟಿಕೊಂಡು, ಬಣ್ಣ ಕಿತ್ತೀತೆಂದು ತಮ್ಮ ಧೋತರವನ್ನೇ ಅದಕ್ಕೆ ಸುತ್ತಿ ತಂದರಂತೆ. ಅರಗಿನ ಬಣ್ಣದ ತೊಟ್ಟಿಲು: ನಾಲ್ಕೂ ಕಡೆ ಹೂಬಳ್ಳಿ, ಮೂಲೆಗೊಂದು ಗಿಳಿ. ಅದರಲ್ಲಿ ಮೊದಲು ಅವರ ಮಗಳು ಶಮೀಮಕ್ಕ ಮಲಗಿದಳು. ಅವಳು ಎದ್ದ ಮೇಲೆ ನಾನು ಮಲಗಿದೆ. ಆಮೇಲೆ ಆ ತೊಟ್ಟಿಲು ಖಾಲಾ ಅವರ ಮನೆಯಲ್ಲಿ ನಿಂತದ್ದೇ ಕಡಿಮೆ. ಯಾರ ಮನೆಯಲ್ಲಿ ಕೂಸು ಹುಟ್ಟಲಿ, ಲಿಂಗವಂತರಿರಲಿ, ಮುಸಲರಿರಲಿ, ತೊಟ್ಟಿಲ ಕಾರ್ಯಕ್ಕೆ ಖಾಲಾ ಅವರ ತೊಟ್ಟಿಲೇ ಬರಬೇಕು. ತೊಟ್ಟಿಲು ಹೋದಲ್ಲಿ ಖಾಲಾ ಹೋಗಬೇಕು. ಯಮನೂರಿನ ದರ್ಗಾದಿಂದ ತಂದಿಟ್ಟ ಸಕ್ಕರೆ ಒಂದು ಚಿಟಿಕೆ ಕೂಸಿನ ತಲೆದಿಂಬಿನ ಕೆಳಗೆ ಇಡಬೇಕು. ಆಮೇಲೆ ಹಗ್ಗ ಹಿಡಿದು ಅವರು ಹಾಡಬೇಕು.

ಅವರ ಹಾಡು ಎಲ್ಲರೂ ಹಾಡುವ ಜೋಗುಳವಲ್ಲ. ಅದರಲ್ಲಿ ಬರೀ ಹೆಸರುಗಳು. ಆ ತೊಟ್ಟಿಲಲ್ಲಿ ಮಲಗಿದ ಕೂಸುಗಳ ಹೆಸರು, ಮಲಗಿದ ಸಾಲಿನಲ್ಲೇ. ಶಮೀಮಾ ಮಲಗ್ಯಾಳ, ಮಲ್ಲ್ಯಾ ಮಲಗ್ಯಾನ, ದಾವಲ್ಯಾ ಮಲಗ್ಯಾನ, ಸುಧಾ ಮಲಗ್ಯಾಳ... ಹೀಗೆ ನಲವತ್ತೋ ಐವತ್ತೋ ಹೆಸರು. ಹೊಸ ಕೂಸಿನ ಹೆಸರು ಕೊನೆಗೆ ಸೇರುತ್ತದೆ. ಹುಬ್ಬಳ್ಳಿಯಲ್ಲಿ ಪೊಲೀಸನಾಗಿ ಮೀಸೆ ತಿರುವುತ್ತಿರುವ ದಾವಲ್ಯಾ ಕೂಡ ಖಾಲಾ ಅವರ ಹಾಡಿನಲ್ಲಿ ಇನ್ನೂ ಎದ್ದೇ ಇಲ್ಲ. ಮೂರು ಹೆಸರಿಗೊಮ್ಮೆ ಅವರ ಉಸಿರು ಸಣ್ಣಗೆ ಸುಯ್ಯೆಂದು ಕಟ್ಟುತ್ತದೆ — ಹತ್ತಿ ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದ ಎದೆ ಅದು. ಆ ಉಸಿರಿಗೂ ಕೂಸುಗಳು ಒಗ್ಗಿಹೋಗುತ್ತಿದ್ದವು. ಆ ಉಸಿರು ಬರುವ ಹೊತ್ತಿಗೆ ಕಣ್ಣು ಮುಚ್ಚಿರುತ್ತಿದ್ದವು.

ಇನ್ನು ಸಿನೆಮಾದ ಮಾತು.

ನನ್ನ ಹಾಗೆಯೇ ಲಗ್ನದ ಕ್ಯಾಮೆರಾ ಹಿಡಿಯುವ ವಿನಾಯಕ ಎಂಬ ಗೆಳೆಯ ಹುಬ್ಬಳ್ಳಿಯಲ್ಲಿದ್ದಾನೆ. ಅವನಿಗೆ ದೆವ್ವದ ಸಿನೆಮಾ ಮಾಡುವ ಹುಚ್ಚು. ಮುಕ್ಕಾಲು ತಾಸಿನದೊಂದು ಮಾಡಿ ಇಂಟರ್ನೆಟ್ಟಿಗೆ ಹಾಕೋಣ ಎಂದ. ಚಿತ್ರ ಅವನದು, ಶಬ್ದ ನನ್ನದು. ಆ ಆರು ತಿಂಗಳಷ್ಟು ಖುಷಿಯಿಂದ ನಾನು ಯಾವತ್ತೂ ಕೆಲಸ ಮಾಡಿಲ್ಲ, ಇದನ್ನೂ ಮುಚ್ಚಿಡುವುದಿಲ್ಲ. ಜೋಳದ ದಂಟು ಮುರಿದರೆ ಎಲುಬು ಮುರಿದ ಸದ್ದು ಬರುತ್ತದೆ. ಒದ್ದೆ ಗೋಣಿಚೀಲವನ್ನು ನೆಲದ ಮೇಲೆ ಎಳೆದರೆ ಯಾರೋ ಹೆಣ ಎಳೆದಂತೆ. ಹಿಟ್ಟಿನ ಗಿರಣಿಯ ಗುಂಯ್‌ಗುಟ್ಟುವಿಕೆಯನ್ನು ಹತ್ತು ಪಟ್ಟು ನಿಧಾನ ಮಾಡಿ ಸಣ್ಣಗೆ ಅಡಿಯಲ್ಲಿ ಹಾಸಿದರೆ ಅದು ಕಿವಿಗೆ ಕೇಳುವುದಿಲ್ಲ, ಎದೆಗೆ ತಿಳಿಯುತ್ತದೆ. ನೋಡುವವನಿಗೆ ಯಾಕೋ ಸಮಾಧಾನವಿಲ್ಲ, ಯಾಕೆಂದು ಗೊತ್ತಿಲ್ಲ. ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿ ನೆತ್ತರು ಮಾಡಿದೆವು, ಅದಕ್ಕೆ ಇರುವೆ ಮುತ್ತಿ ನಮ್ಮ ನಾಯಕಿ ನಿಜವಾಗಿಯೂ ಚೀರಿದಳು.

ವಿನಾಯಕನಿಗೆ ತನ್ನದೇ ಪಾಠಗಳಿದ್ದವು. ಮನುಷ್ಯನನ್ನು ಚೌಕಟ್ಟಿನ ಒಂದು ಬದಿಗೆ ನಿಲ್ಲಿಸಿ ಅವನ ಬೆನ್ನ ಹಿಂದೆ ಬಾಗಿಲು ತೆರೆದಿಡು. ಬಾಗಿಲಲ್ಲಿ ಏನೂ ಬರಬೇಕಾಗಿಲ್ಲ, ನೋಡುವವನೇ ಏನಾದರೂ ತಂದು ನಿಲ್ಲಿಸುತ್ತಾನೆ. ಹೆದರಿಸುವುದಕ್ಕೆ ಮೊದಲು ಎಲ್ಲ ಸದ್ದನ್ನೂ ತೆಗೆದುಬಿಡು. ದೆವ್ವವನ್ನು ಪೂರ್ತಿ ತೋರಿಸಬೇಡ. ಎಲ್ಲಕ್ಕಿಂತ ದೊಡ್ಡ ಪಾಠ ಎಂದು ಅವನು ಬೆರಳೆತ್ತಿ ಹೇಳುತ್ತಿದ್ದದ್ದು ಇದು: "ಕಾರಣ ಹೇಳಬ್ಯಾಡಲೇ. ಕಾರಣ ತಿಳೀತಂದ್ರ ಮಂದಿ ಅಂಜೂದಿಲ್ಲ." ಈ ಮಾತನ್ನು ನೆನಪಿಡಿ. ನಾನು ಮಾಡಿದ ತಪ್ಪೆಲ್ಲ ಇದರೊಳಗೇ ಇದೆ.

ನಮ್ಮ ದೆವ್ವ ಒಬ್ಬ ಹೆಂಗಸು. ಅವಳಿಗೆ ದನಿ ಬೇಕಿತ್ತು. ನಾಯಕಿಯಿಂದ ಚೀರಿಸಿದೆವು, ನಕ್ಕೆವು. ನನ್ನ ದನಿಯನ್ನೇ ತೆಳ್ಳಗೆ ಮಾಡಿ ನೋಡಿದೆವು, ಮತ್ತಷ್ಟು ನಕ್ಕೆವು. ಆಗ ನಾನು ಹೇಳಿದೆ, "ಅಂಜಸೂ ದನಿಗೆ ಯಾರೂ ಅಂಜೂದಿಲ್ಲಲೇ. ನಂಬಿದ ದನಿ ಸ್ವಲ್ಪ ಕೆಟ್ಟರ ಅಂಜತಾರ." ವಿನಾಯಕ ನನ್ನ ಮುಖವನ್ನೇ ನೋಡಿದ. ಅಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಯೋಚನೆ ನನ್ನದು, ಅವನದಲ್ಲ — ಯಾರಾದರೂ ಅವನನ್ನು ಬೈಯುವುದಿದ್ದರೆ ಬೈಯಬೇಡಿ.

ಮರುದಿನವೇ ಖಾಲಾ ಅವರ ಮನೆಗೆ ಹೋಗಿ ಹೇಳಿದೆ, "ಖಾಲಾ, ನಿಮ್ಮ ಹಾಡ ತುಂಬಿಟ್ಟಕೋತೀನ್ರಿ. ನಾಳೆ ಮಕ್ಕಳಿಗೆ ಉಳೀಬೇಕಲ್ರಿ." ಸಿನೆಮಾದ ಸುದ್ದಿಯನ್ನೇ ಎತ್ತಲಿಲ್ಲ. ಅವರಿಗೆ ಎಷ್ಟು ಹಿಗ್ಗಾಯಿತೆಂದರೆ... ಒಳಗೆ ಹೋಗಿ ಮುಖ ತೊಳೆದು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬಂದರು.

"ಬರೇ ದನಿರಿ ಖಾಲಾ, ಮಾರಿ ಬರೂದಿಲ್ಲ" ಎಂದೆ.

"ಇರಲೇಳಪಾ. ಹಾಡಾಕಿ ಚಂದ ಇದ್ದರ ಹಾಡೂ ಚಂದ ಇರತೈತಿ" ಎಂದರು.

ಮಧ್ಯಾಹ್ನ ಕರೆಂಟು ಹೋಗುವುದನ್ನು ಕಾದೆವು, ಯಾಕೆಂದರೆ ಬಾಜುಕ್ಕೆ ಹಿಟ್ಟಿನ ಗಿರಣಿ. ಗಿರಣಿ ನಿಂತಿತು. ಓಣಿಯ ಜನ ಹೊಲದಲ್ಲಿದ್ದರು. ನಾನು ಮೈಕು ಇಟ್ಟು, ತೊಟ್ಟಿಲು ತೂಗಿರಿ ಎಂದೆ. ಖಾಲಾ ಹಗ್ಗ ಮುಟ್ಟಲಿಲ್ಲ. "ಖಾಲಿ ತೊಟ್ಟಿಲ ತೂಗಬಾರದಪಾ, ಅಷ್ಟೂ ತಿಳೀದಿಲ್ಲೇನ ನಿನಗ" ಎಂದು ಗದರಿದರು. ಹಿತ್ತಲಿಗೆ ಹೋಗಿ ರುಬ್ಬುವ ಒಳ್ಳಿನ ಗುಂಡುಕಲ್ಲು ತೊಳೆದು ತಂದರು. ನಮ್ಮ ಕಡೆ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗುತ್ತದೆ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಖಾಲಾ ಆ ಕಲ್ಲಿಗೆ ಶಮೀಮಕ್ಕನ ಹಳೆಯ ಕುಂಚಿಗೆ, ಕೂಸುಗಳ ಉದ್ದ ಟೊಪ್ಪಿಗೆ, ತೊಡಿಸಿದರು. ಅದರ ಕೊರಳ ಕಸೆ ಕಟ್ಟುವಾಗ ಬಿಗಿಯಾಯಿತೇನೋ ಎಂದು ಬೆರಳು ಹಾಕಿ ನೋಡಿದರು. ಕಲ್ಲಿಗೆ! ನಾನು ನಕ್ಕೆ. ಅವರೂ ನಕ್ಕರು.

ಆ ಕಲ್ಲಿನ ಭಾರಕ್ಕೆ ತೊಟ್ಟಿಲ ಕೊಂಡಿ ಕಿರ್ರ್ ಎಂದು ಎಳೆದು ಕಟ್ ಎಂದು ನಿಲ್ಲುತ್ತಿತ್ತು. ಕಿರ್ರ್ — ಕಟ್. ಖಾಲಾ ಹಾಡಿದರು. ಎಲ್ಲ ಹೆಸರುಗಳನ್ನೂ ಒಂದನ್ನೂ ಬಿಡದೆ. ಹಾಡು ಮುಗಿಯಿತೆಂದು ನಾನು ಮೈಕಿಗೆ ಕೈ ಚಾಚಿದಾಗ ಅವರು ತಡೆದರು. ನನ್ನ ಹೆಂಡತಿ ಶೋಭಾಗೆ ಆಗ ಮೂರು ತಿಂಗಳು. ಓಣಿಯಲ್ಲಿ ಹೇಳಿರಲಿಲ್ಲ, ಆದರೆ ಖಾಲಾ ಅವರಿಗೆ ಯಾರು ಹೇಳಬೇಕು? "ಹುಟ್ಟೂ ಮೊದಲ ಹೆಸರ ಇಡಬಾರದು" ಎಂದರು ಮೆಲ್ಲಗೆ. ಮತ್ತೆ ಹಗ್ಗ ಎಳೆದು ಒಂದೇ ಸಾಲು ಹಾಡಿದರು —

"ಮಲ್ಲ್ಯಾನ ಕೂಸು ಮಲಗೇತಿ..."

ಆಮೇಲೆ ಆ ಉಸಿರು.

ನಾನು ಏನು ಮಾಡಿದೆನೆಂದು ಈಗ ಹೇಳುತ್ತೇನೆ. ಸ್ಟುಡಿಯೋಕ್ಕೆ ಹೋಗಿ ಆ ಹಾಡನ್ನು ಹಿಂದುಮುಂದು ಮಾಡಿದೆ. ನಿಧಾನ ಮಾಡಿದೆ. ಹೆಸರುಗಳು ಕರಗಿಹೋದವು, ರಾಗ ಮಾತ್ರ ಉಳಿಯಿತು. ಕೇಳಿದರೆ ತಾಯಿ ಅನಿಸಬೇಕು, ಆದರೆ ಏನೋ ತಪ್ಪಿದೆ ಅನಿಸಬೇಕು — ಹಾಗೇ ಆಯಿತು. ಹಾಡಿಗೆ ಮೊದಲು ಬರೀ ತೊಟ್ಟಿಲು ತೂಗಿದಾಗಿನ ಸದ್ದನ್ನು ಮಾತ್ರ ತಿರುವಲಿಲ್ಲ, ಇದ್ದ ಹಾಗೇ ಇಟ್ಟೆ. ಕೊನೆಯ ದೃಶ್ಯಕ್ಕೆ ಒಂದು ತುಣುಕು ಬೇಕಿತ್ತು: ಕತ್ತಲೆ, ಒಂದು ಕಿರ್ರ್ — ಕಟ್, ಸದ್ದೇ ಇಲ್ಲ, ಆಮೇಲೆ ಕಿವಿಯ ಹತ್ತಿರವೇ ದೆವ್ವ ಉಸಿರೆಳೆದು ಏನೋ ಅನ್ನಬೇಕು. ಹುಡುಕಿದೆ. ಎಲ್ಲಕ್ಕಿಂತ ಚೆನ್ನಾಗಿ ಕೂತದ್ದು ಆ ಕೊನೆಯ ಸಾಲು. ತಿರುವಿದಾಗ ಮೊದಲು ಉಸಿರು, ಆಮೇಲೆ ಹಾಡು. ನನ್ನ ಕೂಸಿಗೆ ಅವರು ಹಾಡಿದ್ದೆಂದು ಗೊತ್ತಿದ್ದೂ ಅದನ್ನೇ ಇಟ್ಟೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯುವ ಆಸೆಯಾಗುತ್ತಿದೆ, ಆದರೆ ನಡುಗಲಿಲ್ಲ. ಬಹಳ ಖುಷಿಯಾಗಿತ್ತು.

ಮುಕ್ಕಾಲು ತಾಸಿನ ಸಿನೆಮಾವನ್ನು ಯಾರೂ ನೋಡಲಿಲ್ಲ, ಆದರೆ ಹಾಕಿದ ನಾಲ್ಕೇ ದಿನಕ್ಕೆ ಕೊನೆಯ ತುಣುಕನ್ನು ಎಲ್ಲರೂ ನೋಡಿದರು. ಕಾಲೇಜು ಹುಡುಗಿಯರು, ಟಂಟಂ ಓಡಿಸುವವರು, ಎಲ್ಲರೂ ಆ ದನಿಗೆ ತಮ್ಮ ತಮ್ಮ ರೀಲ್ ಮಾಡಿದರು. ಬಾಗಿಲ ಹಿಂದೆ ಅಡಗಿ ಗೆಳತಿಯನ್ನು ಅಂಜಿಸುವುದು, ಗೆಳತಿ ಚೀರುವುದು. ಕಿರ್ರ್ — ಕಟ್, ಆಮೇಲೆ ಉಸಿರು. ನಮ್ಮ ಓಣಿಯಲ್ಲೂ ಪ್ರತಿ ಫೋನಿನಲ್ಲಿ ಅದೇ. ಆ ದನಿಯಲ್ಲಿ ಯಾರಿಗೂ ಖಾಲಾ ಕೇಳಿಸಲಿಲ್ಲ.

ಆದರೆ ತೊಟ್ಟಿಲು ಕೇಳಿಸಿತು.

ಓಣಿಯ ಕೊನೆಯಲ್ಲಿ ನೀಲವ್ವನ ಮನೆ. ಅವಳ ಮಗಳು ಸುಧಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಖಾಲಾ ಅವರ ಹಾಡಿನಲ್ಲಿ ದಾವಲ್ಯಾನ ಹಿಂದೆ ಬರುವ ಸುಧಾ ಅವಳೇ. ತೊಟ್ಟಿಲ ಕಾರ್ಯಕ್ಕೆ ವಿಡಿಯೋ ತೆಗೆಯಲು ನನ್ನನ್ನೇ ಕರೆದಿದ್ದರು. ತೊಟ್ಟಿಲು ಬಂತು, ಖಾಲಾ ಬಂದರು, ಗುಂಡುಕಲ್ಲು ಮಲಗಿ ಎದ್ದಿತು, ಕೂಸು ಮಲಗಿತು, ಖಾಲಾ ಸಕ್ಕರೆ ಇಟ್ಟು ಹಗ್ಗ ಎಳೆದರು.

ಕಿರ್ರ್ — ಕಟ್.

ಹಿಂದೆ ನಿಂತ ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. "ಏ, ಅದ ಸಪ್ಪಳ ಅಲ್ಲೇನಬೇ!" ಎಂದಳೊಬ್ಬಳು. ಮತ್ತೊಮ್ಮೆ ಕಿರ್ರ್. ನಗು ನಿಂತಿತು. ಖಾಲಾ ಏನೂ ತಿಳಿಯದೆ ಮೊದಲ ಮೂರು ಹೆಸರು ಹಾಡಿ ಉಸಿರೆಳೆದುಕೊಂಡರು, ಆ ಉಸಿರು... ಸುಧಾ ಧಡಕ್ಕನೆ ಎದ್ದು ಕೂಸನ್ನು ತೊಟ್ಟಿಲಿನಿಂದ ಎತ್ತಿ ಎದೆಗೆ ಅವಚಿಕೊಂಡಳು. ಕೂಸು ಅಳತೊಡಗಿತು. "ಸಣ್ಣ ಕೂಸ ಐತಿ, ಬ್ಯಾಡ್ರಿ" ಎಂದಳು, ಯಾರ ಮುಖವನ್ನೂ ನೋಡದೆ. ಸುಧಾಳ ಮೇಲೆ ನನಗೆ ಸಿಟ್ಟಿಲ್ಲ. ಹಸಿ ಬಾಣಂತಿ, ಅವಳ ಎದೆಯಲ್ಲಿ ಆ ಅಂಜಿಕೆ ಇಟ್ಟವನು ನಾನು. ಕೊನೆಗೆ ಒಂದು ಸೀರೆಯನ್ನು ಜೋಳಿಗೆ ಕಟ್ಟಿ ಅದರಲ್ಲಿ ಹೆಸರಿಟ್ಟರು.

ಖಾಲಾ ಹಗ್ಗ ಹಿಡಿದು ಹಾಗೇ ನಿಂತಿದ್ದರು. ಕೈಯಲ್ಲಿ ಹಗ್ಗವಿದೆ ಎನ್ನುವುದೇ ಮರೆತವರ ಹಾಗೆ. ಅವರ ಮುಖ ನನ್ನ ಕ್ಯಾಮೆರಾದ ನಡುಮಧ್ಯದಲ್ಲಿತ್ತು. ಕ್ಯಾಮೆರಾ ಕೆಳಗಿಟ್ಟು, "ಏನಿಲ್ಲಬೇ, ಈ ಸಪ್ಪಳ ಸಿನೆಮಾಕ್ಕ ನಾನ ಒಯ್ದದ್ದು" ಎಂದಿದ್ದರೆ ಎಲ್ಲರೂ ನನಗೆ ನಾಲ್ಕು ಬೈದು, ನಕ್ಕು, ಮುಗಿಯುತ್ತಿತ್ತು. ನಾನು ತೆಗೆಯುತ್ತಲೇ ಇದ್ದೆ. ಮನೆಗೆ ಬಂದು ಆ ಭಾಗವನ್ನು ಕತ್ತರಿಸಿ, ಅದರ ಜಾಗಕ್ಕೆ ಆರತಿ ತಟ್ಟೆಯ ಚಿತ್ರ ಕೂಡಿಸಿದೆ. ನೀಲವ್ವನ ಮನೆಯ ವಿಡಿಯೋದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದಿದೆ.

ಮರುದಿನ ಇಳಿಹೊತ್ತಿಗೆ ಖಾಲಾ ನಮ್ಮ ಕಟ್ಟೆಗೆ ಬಂದರು. ಯಾರೋ ಫೋನಿನಲ್ಲಿ ಆ ತುಣುಕು ತೋರಿಸಿದ್ದರು. ಅವ್ವ ಇದ್ದಳು, ಏಳು ತಿಂಗಳ ಬಸುರಿ ಶೋಭಾ ಇದ್ದಳು, ನೀಲವ್ವ ಮತ್ತು ಇನ್ನೊಬ್ಬರು ಇದ್ದರು. ಖಾಲಾ ಕೂರಲಿಲ್ಲ.

"ಮಲ್ಲ್ಯಾ, ಇದು ನಾ ಅಲ್ಲೇನಪಾ?"

ನೋಡಿ — ಅಷ್ಟು ನಿಧಾನ ಮಾಡಿ, ತಿರುವಿ, ಏನೇನೋ ಬೆರೆಸಿದ್ದರೂ ತಮ್ಮ ಉಸಿರು ಅವರಿಗೆ ಗುರುತು ಸಿಕ್ಕಿತ್ತು. ಬೈಯಲು ಬಂದವರ ದನಿಯಲ್ಲ ಅದು. ನಾನು ಹೌದೆಂದರೆ ಬಹುಶಃ ಅವರು ನಕ್ಕುಬಿಡುತ್ತಿದ್ದರು. ಶೋಭಾ ನನ್ನನ್ನೇ ನೋಡುತ್ತಿದ್ದಳು. ಕೊನೆಯ ಸಾಲು ಏನೆಂದು ಅವಳು ಕೇಳಿದರೆ?

"ಅಲ್ರಿ ಖಾಲಾ. ಕಂಪ್ಯೂಟರಿನ್ಯಾಗ ಮಾಡಿದ್ದದು. ನಿಮ್ಮ ದನಿ ಎಲ್ಲೆ, ಇದು ಎಲ್ಲೆ."

"ಹೌದೇನು?" ಎಂದರು. "ಮತ್ತ ನನ್ನ ಉಸರ ಇದರಾಗ ಯಾಕ ಕೇಳತೈತಿ?"

ನಾನು ಭುಜ ಹಾರಿಸಿದೆ. ಅಷ್ಟೇ ಮಾಡಿದ್ದು. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೋದರು.

ಕಾರಣ ತಿಳಿದರೆ ಜನ ಅಂಜುವುದಿಲ್ಲ ಎಂದಿದ್ದನಲ್ಲ ವಿನಾಯಕ. ನಾನು ಒಂದು ಇಡೀ ಓಣಿಗೆ ಕಾರಣ ಹೇಳದೆ ಬಿಟ್ಟೆ. ಅವರ ದನಿಯಲ್ಲ, ಅವರ ತೊಟ್ಟಿಲಲ್ಲ, ಆದರೂ ಎರಡೂ ಒಂದೇ ಥರ ಇವೆ ಎಂದರೆ ಜನ ಏನು ತಿಳಿಯಬೇಕು? ಯಾರೂ ಖಾಲಾ ಅವರಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಎದುರಾದರೆ ಊಟ ಆತೇನ್ರಿ ಎಂದು ಕೇಳುವುದು ಬಿಡಲಿಲ್ಲ. ತೊಟ್ಟಿಲು ಕೇಳುವುದನ್ನು ಮಾತ್ರ ಬಿಟ್ಟರು.

ನನ್ನ ಮಗಳು ಹುಟ್ಟಿದಾಗ ಅವ್ವ, "ಆ ತೊಟ್ಟಿಲ ಬ್ಯಾಡೋ, ಮನಸಿಗ್ಯಾಕೋ ಸಮ ಅನಸವಲ್ದು" ಎಂದಳು. ನನ್ನನ್ನೇ ಆ ತೊಟ್ಟಿಲಲ್ಲಿ ಹಾಕಿ ತೂಗಿಸಿಕೊಂಡ ಅವ್ವ. ನಾನು ಹೂಂ ಎಂದೆ. ಅಣ್ಣಿಗೇರಿಯಿಂದ ಸ್ಟೀಲಿನ ತೊಟ್ಟಿಲು ತಂದೆ. ಅದಕ್ಕೆ ಪ್ಲಾಸ್ಟಿಕ್ ಹೂ ಸುತ್ತಿದ್ದರು, ಸದ್ದೇ ಮಾಡುತ್ತಿರಲಿಲ್ಲ. ಖಾಲಾ ಬಂದರು. ತಾವೇ ಹೊಲಿದ ಕುಂಚಿಗೆಯನ್ನು ಶೋಭಾಳ ಉಡಿಗೆ ಹಾಕಿ, ಹಿಂದೆ ಬಾಗಿಲ ಹತ್ತಿರ ಕೂತರು. ಹಾಡಿ ಎಂದು ಯಾರೂ ಅನ್ನಲಿಲ್ಲ. ಮಗಳಿಗೆ ಸನ್ನಿಧಿ ಎಂದು ಹೆಸರಿಟ್ಟೆವು. ಎಲ್ಲರೂ ಕೂಗಿದಾಗ ಅವರ ತುಟಿಯೂ ಅಲುಗಿದ್ದನ್ನು ಕಂಡೆ.

ಆಮೇಲೆ ದಿನಗಳು ಹೋದವು. ಹೋಗುತ್ತವೆ. ನಾನು ಎದುರು ಮನೆಯವನು, ಬೆಳಿಗ್ಗೆ ಎದ್ದರೆ ಅವರ ಬಾಗಿಲೇ ಕಾಣುತ್ತದೆ. ಮೊದಮೊದಲು ತಲೆ ಕೆಳಗೆ ಹಾಕಿ ಗಾಡಿ ಚಾಲೂ ಮಾಡುತ್ತಿದ್ದೆ. ಆಮೇಲೆ ಅದೂ ಬೇಕಾಗಲಿಲ್ಲ, ರೂಢಿಯಾಗಿಬಿಟ್ಟಿತು. ಈ ರೂಢಿಯಾದದ್ದೇ ಈಗ ನೆನೆದರೆ ನನಗೆ ಹೇಸಿಗೆ.

ಮೊನ್ನೆ ಭಾನುವಾರ ಕಟ್ಟೆಯ ಮೇಲೆ ಕೂತಿದ್ದೆ. ಓಣಿಯ ಮಕ್ಕಳು ಒಂದು ಆಟ ಆಡುತ್ತವೆ. ಎಷ್ಟು ದಿನದಿಂದ ಆಡುತ್ತಿದ್ದವೋ, ನಾನು ಅವತ್ತೇ ಕಂಡದ್ದು. ಖಾಲಾ ಅವರ ಬಾಗಿಲ ಮುಂದೆ ಬರುವ ತನಕ ಮೆಲ್ಲಗೆ ನಡೆಯುವುದು, ಬಾಯಿಂದ ಕಿರ್ರ್ — ಕಟ್ ಅನ್ನುವುದು, ಆಮೇಲೆ ಚೀರುತ್ತ ಓಡುವುದು. ಎಲ್ಲರ ಹಿಂದೆ, ಸರಿಯಾಗಿ ಓಡಲೂ ಬಾರದ ಸನ್ನಿಧಿ. ಅವಳು ಬಾಗಿಲ ಮುಂದೆ ಎಡವಿ ಬಿದ್ದಳು. ಬಿದ್ದವಳು ಬಾಗಿಲಲ್ಲಿ ಕೂತಿದ್ದ ಖಾಲಾ ಅವರನ್ನು ನೋಡಿ ಕಿಟಾರನೆ ಕಿರುಚಿದಳು. ಎತ್ತಲು ಅರ್ಧ ಎದ್ದಿದ್ದರು ಖಾಲಾ. ಆ ಕಿರುಚುವಿಕೆ ಕೇಳಿ ನಿಂತರು. ಹಿಂದೆ ಸರಿದು, ಮೆಲ್ಲಗೆ, ಸದ್ದಾಗದ ಹಾಗೆ ಬಾಗಿಲು ಮುಚ್ಚಿಕೊಂಡರು — ಕೂಸು ಅಂಜಬಾರದೆಂದು. ಅವರ ಕೈಗೆ ಅದು ರೂಢಿಯಾಗಿತ್ತು. ದಿನಾಲೂ ಮುಚ್ಚಿಕೊಳ್ಳುತ್ತಿದ್ದರು.

ನಾನು ಮಗಳನ್ನು ಎತ್ತಿಕೊಂಡೆ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇಷ್ಟು ದಿನ ನಾನು ಅಂಥ ಎದೆಗಳಿಗಾಗಿಯೇ ಕೆಲಸ ಮಾಡಿದ್ದೆ. ಅವತ್ತು ಅದು ನನ್ನ ಕೈಯೊಳಗಿತ್ತು.

ಸೋಮವಾರ ಮಧ್ಯಾಹ್ನ ಖಾಲಾ ಅವರ ಮನೆಗೆ ಹೋದೆ. ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದರು. ಒಳಕೋಣೆಯ ಜಂತಿಗೆ ತೊಟ್ಟಿಲು ತೂಗುಹಾಕಿತ್ತು, ಅದರ ಮೇಲೊಂದು ಚಾದರ ಹೊದಿಸಿತ್ತು. "ಬಾ ಮಲ್ಲ್ಯಾ, ಕುಂದ್ರು. ಚಾ ಮಾಡಲ್ಯಾ?" ಎಂದರು. ಬೇಡವೆಂದೆ. ಫೋನು ತೆಗೆದು ಅಂದು ತುಂಬಿಕೊಂಡಿದ್ದ ಹಾಡನ್ನು, ತಿರುವದೆ, ಇದ್ದ ಹಾಗೇ ಹಚ್ಚಿದೆ.

ಶಮೀಮಾ ಮಲಗ್ಯಾಳ, ಮಲ್ಲ್ಯಾ ಮಲಗ್ಯಾನ... ಖಾಲಾ ಅವರ ಕೈ ಮೊರದ ಮೇಲೆ ನಿಂತಿತು. ಅಷ್ಟೂ ಹೆಸರು ಕೇಳಿದರು. ಕೊನೆಯ ಸಾಲು ಬಂತು: ಮಲ್ಲ್ಯಾನ ಕೂಸು ಮಲಗೇತಿ. ಅದು ಮುಗಿದ ಮೇಲೆ ಸಿನೆಮಾದ ತುಣುಕು ಹಚ್ಚಿದೆ. ಆಮೇಲೆ ಹೇಳಿದೆ, "ಇದು ಅದ ಹಾಡರಿ. ನಿಮ್ಮ ದನಿನ. ನಾನ ತಿರುವಿದ್ದು. ನಾ ಸುಳ್ಳ ಹೇಳಿದ್ನಿರಿ ಖಾಲಾ."

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. ಬೈಯಲಿ ಎಂದು ಕಾದೆ. ಒಂದು ಏಟು ಹೊಡೆದಿದ್ದರೂ ನನಗೆ ಹಗುರಾಗುತ್ತಿತ್ತು; ಅದು ಗೊತ್ತಿದ್ದೇ ಹೊಡೆಯಲಿಲ್ಲವೋ ಏನೋ.

"ಎಲ್ಡೂವರಿ ವರ್ಷ" ಎಂದರು ಕೊನೆಗೆ. "ನನ್ನ ದನ್ಯಾಗ ಏನೋ ಕೆಟ್ಟದ್ದ ಸೇರೇತಿ ಅಂತ ತಿಳಕೊಂಡಿದ್ನೆಪಾ. ನನಗ ನಾನ ಅಂಜತಿದ್ನಿ."

ಆಮೇಲೆ ನಾನು ಅರಿಯದ ಇನ್ನೊಂದು ಮಾತು ಹೇಳಿದರು. ಕಳೆದ ವರ್ಷ ಶಮೀಮಕ್ಕ ಹೆರಿಗೆಗೆ ತವರಿಗೆ ಬಂದಿದ್ದಳಲ್ಲ. ಹೆಣ್ಣು ಕೂಸು, ಜೋಯಾ ಎಂದು ಹೆಸರು. ಮೂರು ತಿಂಗಳು ಇದೇ ಮನೆಯಲ್ಲಿತ್ತು. ಶಮೀಮಕ್ಕ ಎಷ್ಟು ಸಲ ಕೇಳಿದರೂ ಖಾಲಾ ಆ ಚಾದರ ತೆಗೆಯಲಿಲ್ಲವಂತೆ, ಕೂಸಿಗೆ ಒಂದು ದಿನ ಹಾಡಲಿಲ್ಲವಂತೆ. ಗಂಟಲು ನೋವು ಎಂದು ಮಗಳಿಗೆ ಸುಳ್ಳು ಹೇಳಿದರಂತೆ. ಕಾಲ ಮೇಲೆ ಮಲಗಿಸಿಕೊಂಡು, ಬಾಯಿ ಬಿಗಿಹಿಡಿದು ತಟ್ಟುತ್ತಿದ್ದರಂತೆ.

"ಇನ್ನೊಮ್ಮಿ ಹಚ್ಚಪಾ. ಆ ಮೊದಲಿಂದು" ಎಂದರು.

ಹಚ್ಚಿದೆ. ಈ ಸಲ ಅವರು ಬೆರಳು ಮಡಚುತ್ತ ಒಂದೊಂದೇ ಹೆಸರು ಎಣಿಸಿದರು. ಕೊನೆಯ ಸಾಲು ಮುಗಿದ ಮೇಲೂ ಒಂದು ಬೆರಳು ಮಡಚಲು ತಯಾರಾಗಿಯೇ ನಿಂತಿತ್ತು.

"ಇದರಾಗ ನಿನ್ನ ಕೂಸ ಐತಿ" ಎಂದರು. "ನನ್ನ ಕೂಸ ಇಲ್ಲ."

ಸಿಟ್ಟಿನಿಂದ ಅಂದದ್ದಲ್ಲ. ಇದ್ದದ್ದನ್ನು ಹೇಳಿದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಎದ್ದು ಚಹಾ ಮಾಡಿದರು. ಕುಡಿದೆ. ಸಕ್ಕರೆ ಜಾಸ್ತಿ ಇತ್ತು, ಚಿಕ್ಕಂದಿನಿಂದ ನನಗೆ ಹಾಕುವಷ್ಟೇ.

ಆ ಸಂಜೆ ಶೋಭಾಗೂ ಅವ್ವಗೂ ಹೇಳಿದೆ. ಕೊನೆಯ ಸಾಲಿನದನ್ನೂ ಬಿಡದೆ ಹೇಳಿದೆ. ಶೋಭಾ ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ, ಆದರೆ ಮರುದಿನ ಬೆಳಿಗ್ಗೆ ಸನ್ನಿಧಿಯ ಕೈ ಹಿಡಿದು ತಾನಾಗಿಯೇ ಎದುರು ಮನೆಗೆ ಹೋದಳು. ವಿನಾಯಕನಿಗೆ ಫೋನು ಮಾಡಿ ಸಿನೆಮಾ ತೆಗೆಸಿದೆ. ಅವನು ತಕರಾರು ಮಾಡಲಿಲ್ಲ. ಆದರೆ ಊರೂರಿನ ಫೋನುಗಳಲ್ಲಿರುವ ಆ ತುಣುಕನ್ನು ಯಾರೂ ತೆಗೆಯಲಾರರು. ನಿನ್ನೆ ಹುಬ್ಬಳ್ಳಿ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೇಳಿಸಿತು. ಯಾರೋ ನಕ್ಕರು.

ಬರುವ ಶುಕ್ರವಾರ ನೀಲವ್ವನ ಮನೆಯಲ್ಲಿ ಮತ್ತೆ ತೊಟ್ಟಿಲ ಕಾರ್ಯವಿದೆ, ಸುಧಾಳ ಎರಡನೆಯ ಕೂಸಿನದು. ವಿಡಿಯೋಕ್ಕೆ ನನ್ನನ್ನೇ ಕರೆದಿದ್ದಾರೆ. ಕ್ಯಾಮೆರಾ ಒಯ್ಯುವುದಿಲ್ಲ, ಈ ಹಾಳೆಗಳನ್ನು ಒಯ್ಯುತ್ತೇನೆ. ಎಲ್ಲರ ಎದುರು, ಮೊದಲ ಸಾಲಿನಿಂದ ಓದುತ್ತೇನೆ. ಬಾಯಿಗೆ ಬಂದಂತೆ ಹೇಳಲು ಹೋದರೆ ಮತ್ತೆ ಎಲ್ಲಿಯೋ ಕತ್ತರಿ ಆಡಿಸಿಬಿಡುತ್ತೇನೆಂಬ ಭಯ — ಅದಕ್ಕೇ ಬರೆದದ್ದು. ಓದಿದ ಮೇಲೆ ಅವರು ಖಾಲಾ ಅವರ ತೊಟ್ಟಿಲು ತರಿಸುತ್ತಾರೋ, ಇಲ್ಲವೋ. ತರಿಸಿದರೂ ಖಾಲಾ ಹಾಡುತ್ತಾರೋ, ಇಲ್ಲವೋ. ಅದನ್ನು ಕೇಳುವ ಹಕ್ಕು ನನಗಿಲ್ಲ.

ಅವರು ಹಾಡಿದರೂ ಜೋಯಾಳ ಆ ಮೂರು ತಿಂಗಳು ತಿರುಗಿ ಬರುವುದಿಲ್ಲ. ಅವಳೀಗ ದೂರದಲ್ಲಿ ತನ್ನ ಮನೆಯಲ್ಲಿ ನಡೆಯಲು ಕಲಿತಿದ್ದಾಳಂತೆ, ತೊಟ್ಟಿಲು ಹಿಡಿಸದಷ್ಟು ಬೆಳೆದಿದ್ದಾಳಂತೆ. ಖಾಲಾ ಅವರ ಹಾಡಿನಲ್ಲಿ ಈ ಓಣಿಯ ಎಷ್ಟೋ ಕೂಸುಗಳು ಮಲಗಿವೆ. ನನ್ನ ಕೂಸೂ ಮಲಗಿದೆ. ಅವರ ಮೊಮ್ಮಗಳು ಇಲ್ಲ.